ಅಮ್ಮ ಎಣ್ಣೆ ಹಾಕಿದ ಸೈಕಲ್ಲು

ನಮ್ಮ ಕಡೆ ಚಳಿ ಇದೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಕಂಬಳಿ ಹೊದ್ದೇ ಬೆಳೆದವರಿಗೆ ನಮ್ಮ ಧನುರ್ಮಾಸದ ಬೆಳಗು ಲೆಕ್ಕಕ್ಕಿಲ್ಲದಿರಬಹುದು. ವರ್ಷವಿಡೀ ಬೆವರುವ ನಮಗೆ ಮಾತ್ರ ಅದೇ ಹಿಮಾಲಯ. ಐವತ್ತರ ದಶಕದ ಕೊನೆಗೆ ನಾನು ಬೆಳ್ಳಾರೆಯ ಹತ್ತಿರದ ನಮ್ಮ ಮನೆಯಿಂದ ಪುತ್ತೂರಿನ ದಾರಿಯ ಒಂದು ಶಾಲೆಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಮುಖಕ್ಕೆ ತಣ್ಣನೆ ಮಂಜು ತಾಗುವ ಆ ಸವಾರಿಯನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಕಷ್ಟವಿದ್ದದ್ದು ಒಂದೇ. ಚಳಿ ಶುರುವಾದೊಡನೆ ಸೈಕಲ್ಲು ಓಡುವುದನ್ನು ನಿಲ್ಲಿಸಿತು.

ಪೂರ್ತಿ ನಿಲ್ಲಿಸಿತೆಂದಲ್ಲ. ಬೆಳಗ್ಗೆ ಪೆಡಲು ತುಳಿದರೆ ಪೆಡಲು ಮಾತ್ರ ಗರಗರ ತಿರುಗುತ್ತಿತ್ತು, ಹಿಂದಿನ ಗಾಲಿಗೆ ಅದರ ಗೊಡವೆಯೇ ಇರುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಅದೇ ಸೈಕಲ್ಲು ಕುದುರೆ. ಒಂದು ಸಂಜೆ ಪುತ್ತೂರಿನ ಸೈಕಲ್ ಶಾಪಿಗೆ ಒಯ್ದರೆ, ಶಾಪಿನವನು ಒಂದು ಸುತ್ತು ಹೊಡೆದು ಬಂದು, "ಸೈಕಲಿಗೆ ಎಂತದೂ ಆಗ್ಲಿಲ್ಲ ಮಾಷ್ಟ್ರೆ. ನಿಮಗೆ ಹುಷಾರುಂಟಲ್ಲ?" ಎಂದು ಕೇಳಿದ.

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೊದಲ ಬಸ್ಸು ಬರುವಷ್ಟರಲ್ಲಿ ಶಾಲೆಯಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹೆಡ್‌ಮಾಷ್ಟ್ರು ನನ್ನನ್ನು ಕರೆದು, "ಹೀಗೆಯೇ ತಡ ಮಾಡಿದರೆ ಖಾಯಂ ಮಾಡಲಿಕ್ಕೆ ನಾನು ಎಂತ ಅಂತ ಬರೆಯುದು?" ಎಂದರು. ಅಪ್ಪನಿಲ್ಲದ ಮನೆ, ನನ್ನ ಸಂಬಳವೇ ಆಧಾರ. ಅಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಅವಳು ಸೈಕಲಿಗೆ ಅಭ್ಯಂಗ ಶುರುಮಾಡಿದಳು.

"ಚಳಿಗೆ ಮನುಷ್ಯರ ಗಂಟೇ ಹಿಡಿತದೆ, ಅದರದ್ದು ಹಿಡಿಯುದಿಲ್ವಾ?" ಎಂದು ಪ್ರತಿ ಸಂಜೆ ಚೈನಿಗೂ ಹಿಂದಿನ ಗಾಲಿಯ ಫ್ರೀವೀಲಿಗೂ ಮನೆಯ ಶುದ್ಧ ತೆಂಗಿನೆಣ್ಣೆ ಹಾಕುವಳು. ಮೊದಲೂ ಹಾಕುತ್ತಿದ್ದಳು, ಈಗ ಧಾರೆ ಎರೆದಳು. ಅವಳ ತಲೆಗೆ ಎಣ್ಣೆ ಸಾಲದಿದ್ದರೂ ಸೈಕಲಿಗೆ ಕಡಿಮೆಯಾಗಲಿಲ್ಲ.

ನನ್ನನ್ನು ಕಾಪಾಡಿದವರು ಮೋನು ಬ್ಯಾರಿಗಳು. ಒಣಮೀನಿನ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿ ಮನೆಮನೆಗೆ ಮಾರುತ್ತ ಅದೇ ದಾರಿಯಲ್ಲಿ ಹೋಗುತ್ತಿದ್ದವರು. ಸೈಕಲ್ಲು ತಳ್ಳುತ್ತಿದ್ದ ನನ್ನನ್ನು ಕಂಡು, "ಎಂತ ಮಾಷ್ಟ್ರೆ, ಸೈಕಲ್ಲಿಗೆ ವಾಕಿಂಗಾ?" ಎಂದು ನಕ್ಕರು. ಆಮೇಲೆ ಹೆಗಲಿನ ಉದ್ದ ಟವಲು, ಬೈರಾಸನ್ನು ತೆಗೆದು ಒಂದು ತುದಿಯನ್ನು ತಮ್ಮ ಕ್ಯಾರಿಯರಿಗೂ ಇನ್ನೊಂದನ್ನು ನನ್ನ ಹ್ಯಾಂಡಲಿಗೂ ಕಟ್ಟಿದರು. "ಕೂತ್ಕೊಳ್ಳಿ ಮಾರಾಯ್ರೆ, ಮಕ್ಕಳು ಕಾಯ್ತಾರೆ."

ಏರಿನಲ್ಲಿ ಇಬ್ಬರೂ ಇಳಿದು ತಳ್ಳುವುದು, ಉಳಿದ ಕಡೆ ಅವರು ತುಳಿಯುವುದು, ನಾನು ಕೂರುವುದು. ಎದುರುಗಾಳಿ ಬುಟ್ಟಿಯನ್ನು ಹಾದು ನೇರ ನನ್ನ ಮೂಗಿಗೆ ಬರುತ್ತಿತ್ತು. ಮೀನು ಮುಟ್ಟದ ಮನೆಯವನು ನಾನು, ಒಂದೇ ವಾರದಲ್ಲಿ ವಾಸನೆಯಿಂದಲೇ ಅದರ ಜಾತಿ ಹೇಳುವಷ್ಟು ಪಳಗಿದೆ. ಹೆಡ್‌ಮಾಷ್ಟ್ರು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿಕೊಂಡರು. ಆದರೂ ತಡವಾಯಿತೆಂದು ಹೇಳುವಂತಿರಲಿಲ್ಲ. ಕೂಲಿಯಿಲ್ಲ, ಬೇಸರವಿಲ್ಲ, ಆ ಮನುಷ್ಯ ಚಳಿಯಲ್ಲಿ ಬೆವರುತ್ತ ನನ್ನನ್ನು ಎಳೆದರು. ಆ ಋಣ ದೊಡ್ಡದು.

ಗುಟ್ಟು ಬಿಚ್ಚಿಕೊಂಡದ್ದು ತರಗತಿಯಲ್ಲಿ. ವಿಜ್ಞಾನದ ಪಾಠ. "ತೆಂಗಿನೆಣ್ಣೆ ಚಳಿಗೆ ಏನಾಗುತ್ತದೆ?" ಎಂದು ಕೇಳಿದೆ. "ಗಟ್ಟಿಯಾಗುತ್ತದೆ ಸಾರ್!" ಎಂದು ಇಡೀ ತರಗತಿ ಕೂಗಿತು. ನನಗೆ ನನ್ನ ಸೈಕಲ್ಲು ನೆನಪಾಯಿತು. ಫ್ರೀವೀಲಿನೊಳಗೆ ರಾತ್ರಿಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಗಾಲಿಯನ್ನು ಕಚ್ಚಬೇಕಾದ ಅದರ ಹಲ್ಲುಗಳನ್ನು ಹಿಡಿದಿಡುತ್ತಿತ್ತು, ಬಿಸಿಲೇರಿದಾಗ ಕರಗಿ ಬಿಡುತ್ತಿತ್ತು.

ಅಮ್ಮನಿಗೆ ಹೇಳಲು ನಾಲಿಗೆ ಏಳಲಿಲ್ಲ. ಬೆಳಗಾಗುತ್ತಲೇ ಸೈಕಲನ್ನು ಬಚ್ಚಲೊಲೆಯ ಮುಂದೆ ನಿಲ್ಲಿಸಿ ಬೆಚ್ಚಗೆ ಮಾಡತೊಡಗಿದೆ. ಸೈಕಲಿಗೂ ಚಳಿಯಾಗುತ್ತದೆಂದು ಮಗನಿಗೆ ಕೊನೆಗಾದರೂ ಅರ್ಥವಾಯಿತಲ್ಲ ಎಂದು ಅವಳಿಗೆ ಸಂತೋಷ. ಸೈಕಲ್ಲು ಓಡಿತು, ಕೆಲಸ ಖಾಯಂ ಆಯಿತು.

ಅಮ್ಮ ಬ್ಯಾರಿಗಳನ್ನು ಒಂದು ಸಂಜೆ ಮನೆಗೆ ಕರೆಸಿದಳು. ಬೆಲ್ಲ ನೀರು ಕೊಟ್ಟು, "ನನ್ನ ಮಗನ ಅನ್ನ ಉಳಿಸಿದ್ರಿ ನೀವು" ಎಂದು ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತೇವವಾಯಿತು. ಒರೆಸಿಕೊಂಡು ನೋಡುವಾಗ ಅಮ್ಮ ಅಂಗಳಕ್ಕಿಳಿದು ಬ್ಯಾರಿಗಳ ಸೈಕಲಿನ ಫ್ರೀವೀಲಿಗೆ ಧಾರಾಳವಾಗಿ ಎಣ್ಣೆ ಎರೆಯುತ್ತಿದ್ದಳು. ತಡೆಯಬೇಕೆಂದು ಎದ್ದೆ. ಅವಳ ಮುಖ ನೋಡಿ ಕೂತೆ.

ಮರುದಿನ ಮಂಜಿನಲ್ಲಿ ಬ್ಯಾರಿಗಳು ಬುಟ್ಟಿ ಸಮೇತ ಸೈಕಲ್ಲು ತಳ್ಳಿಕೊಂಡು ಬಂದರು. ಒಲೆಯ ಮುಂದೆ ನಿಲ್ಲಿಸೋಣವೆಂದರೆ ಅಮ್ಮ ಜಗಲಿಯಲ್ಲೇ ಇದ್ದಳು; ನಿನ್ನೆ ತಾನು ಎಣ್ಣೆ ಎರೆದ ಸೈಕಲ್ಲೇ ಇಂದು ನಿಂತಿತೆಂದು ಕಂಡರೆ ಅವಳಿಗೆ ಎಲ್ಲ ತಿಳಿದುಬಿಡುತ್ತಿತ್ತು. ಬುಟ್ಟಿ ಸಮೇತ ಅವರನ್ನು ಎಳೆಯುವ ಕಸುವು ನನಗಿಲ್ಲದೆ, ನನ್ನ ಸೈಕಲನ್ನು ಅಲ್ಲೇ ಬಿಟ್ಟು, ಹಿಂದಿನಿಂದ ಅವರ ಬುಟ್ಟಿಗೆ ಕೈಕೊಟ್ಟು ನಡೆದೆ.

"ನಿನ್ನೆವರೆಗೆ ಸರಿ ಇತ್ತು ಮಾಷ್ಟ್ರೆ. ಇದಕ್ಕೆ ಎಂತಾಯ್ತು?" ಎಂದರು.

"ಚಳಿಗೆ ಕಬ್ಬಿಣ ಕುಗ್ಗುತ್ತದೆ ಬ್ಯಾರಿಗಳೇ," ಎಂದೆ, ತರಗತಿಯ ಗಾಂಭೀರ್ಯದಲ್ಲಿ.

"ಹೌದಾ! ಕಲಿತವರು ಜೊತೆಗಿದ್ರೆ ಅದೊಂದು ಧೈರ್ಯ," ಎಂದರು ಅವರು, ಮನಸ್ಸಿನಿಂದಲೇ. ನಾನು ಇನ್ನಷ್ಟು ಜೋರಾಗಿ ತಳ್ಳಿದೆ.