ದೇವರ ಕೊಬ್ಬರಿ ಮತ್ತು ಕರೆಂಟಿನ ಕಾರು

ಕೆಲವರ ಮನೆಗೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ಫಜೀತಿಗಳು ಬರುತ್ತವೆ, ಬಂದವು ಲಗೂ ಹೊರಡುವುದಿಲ್ಲ. ಅವುಗಳಲ್ಲಿ ಬಹುಕಾಲ ನಿಂತದ್ದು ಕರೆಂಟಿನ ಕಾರು.

ನಮ್ಮ ಯಜಮಾನರು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವವರು. ವಿದ್ಯುತ್ತು ತಮ್ಮ ಮಾತು ಮೀರುವುದಿಲ್ಲವೆಂಬುದು ಅವರ ನಂಬಿಕೆ. ಆ ನಂಬಿಕೆಯಿಂದಲೇ ಪೆಟ್ರೋಲು ಬೇಡದ ಹಳೆಯ ಪುಟ್ಟ ಕಾರೊಂದನ್ನು ಬೆಂಗಳೂರಿನಿಂದ ತರಿಸಿದರು. ಆಗ ಹುಬ್ಬಳ್ಳಿಯಲ್ಲಿ ಅಂಥದನ್ನು ಕಂಡವರೇ ಅಪರೂಪ. ಧಾರವಾಡಕ್ಕೆ ಕೊಟ್ಟ ನಮ್ಮ ಒಬ್ಬಳೇ ಮಗಳನ್ನು ಚೊಚ್ಚಲ ಹೆರಿಗೆಗೆ ಅದರಲ್ಲೇ ಕರೆತರುವೆನೆಂದು ಬೀಗರಿಗೆ ಮಾತನ್ನೂ ಕೊಟ್ಟರು. ನನಗೆ ಕಾರು ಬೇಕಿರಲಿಲ್ಲ, ಮಗಳು ಬೇಕಿತ್ತು.

ಉಣಕಲ್ಲಿನ ಏರು

ಮೊದಲ ಸಲ ಧಾರವಾಡಕ್ಕೆ ಹೊರಟ ದಿನ ಅತ್ತೆಯವರು ಪೂಜೆ ಮಾಡಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ ದೇವರ ಕೊಬ್ಬರಿ ಬಟ್ಟಲನ್ನು ಕಾರಿನೊಳಗಿಟ್ಟು ನಮ್ಮನ್ನು ಕಳಿಸಿದರು. ಉಣಕಲ್ಲು ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಏರಿನಲ್ಲಿ ಕಾರು ಮುಲುಗಿತು, ನಿಂತಿತು. ಬ್ಯಾಟರಿ ಪೂರ್ತಿ ಇಳಿದಿತ್ತು. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ತಳ್ಳಿದರು. ಕಾರು ಜಗ್ಗಲಿಲ್ಲ.

"ಪೆಟ್ರೋಲ್ ಖಾಲಿ ಆತೇನ್ರಿ?"

"ಇದಕ್ಕ ಪೆಟ್ರೋಲ್ ಬೇಕಾಗೂದಿಲ್ರಿ. ಕರೆಂಟ್ ಮ್ಯಾಲೆ ಓಡ್ತೈತಿ," ಎಂದರು ಯಜಮಾನರು ಗತ್ತಿನಿಂದ.

ಹಿರಿಯರು ರಸ್ತೆಯ ವಿದ್ಯುತ್ ಕಂಬವನ್ನೊಮ್ಮೆ ನೋಡಿದರು. "ಹಂಗಾರ ನೆಳ್ಳಾಗ ಕುಂದರ್ರಿ ಸಾಹೇಬ್ರ. ನಮ್ಮ ಓಣ್ಯಾಗೂ ಹೋಗೇತಿ. ಮೂರಕ್ಕ ಬರ್ತೈತಿ."

ಬೀಗರ ಉಪಚಾರ

ಮತ್ತೊಂದು ಸಲ ಕಾರು ನವನಗರದವರೆಗೆ ಹೋಗಿ ಅಲ್ಲಿ ಕೈಬಿಟ್ಟಿತು. ಅದನ್ನು ಅಲ್ಲಿಯೇ ಒಬ್ಬರ ಅಂಗಳದಲ್ಲಿ ನಿಲ್ಲಿಸಿ, ಬಸ್ಸು ಹಿಡಿದು ಬೀಗರ ಮನೆ ಸೇರಿದೆವು. ಬೀಗಿತ್ತಿಯವರು ಚಹಾ ಕೊಡುತ್ತ ಬಾಗಿಲಾಚೆ ಇಣುಕಿದರು.

"ಕಾರು ಎಲ್ಲಿ ಬಿಟ್ರಿ ಅಕ್ಕಾರ?"

"ನವನಗರದಾಗ ಐತ್ರಿ," ಎಂದೆ, ನೆಲ ನೋಡುತ್ತ.

"ಅದಕ್ಕೂ ಅಲ್ಲೇ ಮನಿ ಮಾಡಿಕೊಟ್ರೇನು?"

ಬೀಗರು ಮಾತ್ರ ನಗಲಿಲ್ಲ. "ನೋಡ್ರಿ, ದಿನ ತುಂಬಿದ ಹುಡುಗಿನ್ನ ನಡುದಾರ್ಯಾಗ ನಿಂದ್ರೂ ಗಾಡ್ಯಾಗ ಕಳಸೂದಿಲ್ಲ. ಕಾರು ತಾನಾಗಿ ನಮ್ಮ ಬಾಗಲಿಗೆ ಬರಲಿ, ಕಳಸ್ತೇವಿ. ಇಲ್ಲಂದ್ರ ಬಾಣಂತನ ಇಲ್ಲೇ."

ಬಾಡಿಗೆ ಕಾರು ತರೋಣವೆಂದು ದಾರಿಯಲ್ಲಿ ಮೆಲ್ಲಗೆ ಹೇಳಿದೆ. ಮಾತು ಕೊಟ್ಟಾಗಿದೆಯೆಂದರು ಯಜಮಾನರು. ನಾನು ಬಸ್ಸಿನ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡೆ. ಪಕ್ಕದ ಸೀಟಿನ ಹೆಂಗಸು, "ಮಗಳನ್ನ ಬಿಟ್ಟು ಬಂದ್ರೇನ್ರಿ?" ಎಂದು ಮರುಗಿದಳು. ಯಜಮಾನರು ನಿಟ್ಟುಸಿರಿಟ್ಟರು: "ಕಾರೂ ಬಿಟ್ಟು ಬಂದೇವ್ರಿ."

ತವರಿಗೆ ಬಂದ ಸೊಸೆ

ನವನಗರದಿಂದ ಮನೆಗೆ ಎಳೆಸಿ ತಂದ ಕಾರನ್ನು ಕಮರಿಪೇಟೆಯ ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಅದನ್ನು ಜಾಕಿನ ಮೇಲೆ ಎತ್ತಿ ಹಿಂದಿನ ಚಕ್ರಗಳನ್ನು ಬಿಚ್ಚಿದ. ಬ್ರೇಕು ಚಕ್ರವನ್ನು ಸದಾ ಹಿಡಿದುಕೊಂಡೇ ಇದ್ದು, ಒಳಗಿನ ಪಟ್ಟಿಗಳು ಕರಕಲಾಗಿದ್ದವು. ಆ ಹಿಡಿತಕ್ಕೇ ಬ್ಯಾಟರಿ ಬೇಗ ಇಳಿಯುತ್ತಿತ್ತು. ಹೊಸ ಪಟ್ಟಿ ಹಾಕಿ ಬೆರಳಿನಿಂದ ದೂಡಿದರೆ ಚಕ್ರ ಬುಗುರಿಯಂತೆ ತಿರುಗಿತು. ಮನೆಗೆ ತಂದು ಮರುದಿನ ಹೊರಡಿಸಿದರೆ ಮತ್ತೆ ಅದೇ ವಾಸನೆ. ಚಕ್ರಕ್ಕೆ ನೀರು ಚಿಮುಕಿಸಿದರೆ ಒಗ್ಗರಣೆಯ ಸದ್ದು. ಮತ್ತೆ ಒಯ್ದರೆ ಅಲ್ಲಿ ಏನೂ ಇಲ್ಲ! ಹೀಗೆಯೇ ನಡೆಯಿತು. ಮಗಳಿಗೆ ದಿನಗಳು ಹತ್ತಿರವಾದವು.

ಮಿಸ್ತ್ರಿ ಕೈಚೆಲ್ಲಿದ. "ಕಾಕಾ, ಇದು ಕಾರಲ್ಲ, ಸೊಸಿ. ನನ್ನ ಹತ್ರ ಬಂದ್ರ ತವರಿಗೆ ಬಂದಂಗ ಆರಾಮ ಇರ್ತೈತಿ. ನಿಮ್ಮ ಮನಿಗೆ ಹೋದ್ರ ಜ್ವರ ಬರ್ತೈತಿ. ಮನ್ಯಾಗ ಅತ್ತಿ ಇದ್ದಾರೇನು?"

ಯಜಮಾನರು ಈ ಮಾತನ್ನು ಮನೆಯಲ್ಲಿ ಹೇಳಬಾರದಿತ್ತು. ಅತ್ತೆಯವರು ಅಂದು ಊಟ ಬಿಟ್ಟರು.

ಕೆಂಪು ದೀಪ

ಕೊನೆಗೆ, ಜ್ವರ ಎಲ್ಲಿ ಬರುತ್ತದೆಂದು ನೋಡಲು ಮಿಸ್ತ್ರಿ ತಾನೇ ನಮ್ಮ ಮನೆಗೆ ಬಂದು ಕಾರಿನೊಳಗೆ ಕುಳಿತ. ಅತ್ತೆಯವರು ಮಡಿಯಲ್ಲಿ ಬಂದು, ಎರಡು ಸೀಟುಗಳ ನಡುವೆ ನಿಂತಿದ್ದ ಕೈಬ್ರೇಕಿನ ಹಿಡಿಕೆಯ ಕೆಳಗಿನ ಸಂದಿಯಲ್ಲಿ ದೇವರ ಕೊಬ್ಬರಿಯನ್ನು ಭದ್ರವಾಗಿ ಕೂರಿಸಿ, ಕೈಮುಗಿದರು. ಮಿಸ್ತ್ರಿ ಹಿಡಿಕೆಯನ್ನು ಕೆಳಗೆ ಒತ್ತಿದ. ಅದು ಕೊಬ್ಬರಿಯ ಮೇಲೆ ಕುಳಿತಿತು, ಪೂರ್ತಿ ಇಳಿಯಲಿಲ್ಲ.

"ಅಮ್ಮಾರ, ನನ್ನ ಅಂಗಡಿಗೆ ಬಂದಾಗ ಇದು ಇರ್ತಿರಲಿಲ್ಲಲ್ರಿ?"

"ಹೆಂಗ ಇರ್ತೈತಿ? ನಿಮ್ಮ ಎಣ್ಣಿ ಕೈ ಹತ್ತಿದ್ರ ಮೈಲಿಗಿ ಆಗೂದಿಲ್ಲೇನು? ಕಾರು ಗ್ಯಾರೇಜಿಗೆ ಹೊಂಟ್ರ ನಾನ ತೆಗದು ಜಗಲಿ ಮ್ಯಾಲಿಡ್ತೇನಿ."

ಮಿಸ್ತ್ರಿ ಯಜಮಾನರತ್ತ ತಿರುಗಿದ. "ಕೈಬ್ರೇಕ್ ಇಳೀದಿದ್ರ ಇಲ್ಲೊಂದು ಕೆಂಪು ದೀಪ ಹತ್ತಬೇಕಲ್ಲ ಕಾಕಾ?"

ಯಜಮಾನರು ಮೆಲ್ಲಗೆ ಒಪ್ಪಿಕೊಂಡರು. "ಹತ್ತತಿತ್ತು. ವೈರಿಂಗ್ ತಪ್ಪೈತಿ ಅಂತ ನಾನ ಅದರ ತಂತಿ ಕತ್ತರಿಸೇನಿ."

ಖಾಲಿ ಜಾಗ

ಮರುದಿನ ಕೊಬ್ಬರಿ ಅತ್ತೆಯವರ ಮಡಿಲೇರಿತು. ಮಕ್ಕಳಿಗೆಂದು ಮಾಡಿದ ಹಿಂದಿನ ಸೀಟಿನಲ್ಲಿ ಅವರೂ ನಾನೂ ಮಡಚಿಕೊಂಡು ಕುಳಿತೆವು. ಕಾರು ಉಣಕಲ್ಲು ದಾಟಿತು, ನವನಗರ ದಾಟಿತು, ಧಾರವಾಡದ ಬೀಗರ ಬಾಗಿಲಿಗೇ ಹೋಗಿ ನಿಂತಿತು. ಯಜಮಾನರು ಕೈಬ್ರೇಕು ಎಳೆದ ಸದ್ದು ಓಣಿಗೆಲ್ಲ ಕೇಳಿತು. ಬೀಗರು ಸೋತ ಮೋರೆಯಲ್ಲಿ ಒಪ್ಪಿದರು. ಬೀಗಿತ್ತಿಯವರು ನಮ್ಮ ಮಗಳ ಮಡಿಲಿಗೆ ಉಡಿ ತುಂಬಿ, ಮುಂದಿನ ಸೀಟಿನಲ್ಲಿ ಕೂರಿಸಿದರು. ಯಜಮಾನರು ಒಂದು ಕೈ ಹೊರಗೆ ಬೀಸುತ್ತ, ಇನ್ನೊಂದರಿಂದ ಹಿಡಿಕೆ ಇಳಿಸಿ, ರಾಜರಂತೆ ಹೊರಟರು.

ಉಣಕಲ್ಲಿನ ಹತ್ತಿರ ಸುಟ್ಟ ವಾಸನೆ ಬಂತು. ಕಾರು ಮುಲುಗಿತು, ನಿಂತಿತು.

ಯಜಮಾನರು ಹಿಡಿಕೆಯ ಕೆಳಗೆ ಕೈ ಹಾಕಿದರು. ಹೊಸದೊಂದು ಕೊಬ್ಬರಿ ಬಟ್ಟಲು ಹೊರಬಂತು.

"ಅವ್ವಾ! ಇದೆಲ್ಲಿಂದ ಬಂತವಾ?"

"ಉಡಿ ಕೊಬ್ಬರಿ. ಬಸುರಿಗೆ ತೊಡಿ ಮ್ಯಾಲೆ ಭಾರ ಆಕ್ಕೈತಿ ಅಂತ ನಾನ ಇಟ್ಟೆ," ಎಂದರು ಅತ್ತೆಯವರು. "ದೇವರ ಜಾಗಾ ಖಾಲಿ ಬಿಡಬಾರದಪಾ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವು ಬಂತೆಂದು ನನ್ನ ಜೀವ ಹಾರಿತು. ಎಂದೂ ಬೀದಿಯಲ್ಲಿ ದನಿಯೆತ್ತದ ನಾನು ಕೂಗಿ ಆಟೋ ನಿಲ್ಲಿಸಿ, ಅವಳನ್ನೂ ಅತ್ತೆಯವರನ್ನೂ ಹತ್ತಿಸಿದೆ. ನಾನೂ ಹತ್ತುವಷ್ಟರಲ್ಲಿ ಎಮ್ಮೆಯ ಹಿರಿಯರು ಕಾರಿನ ಬಳಿ ಬಂದರು.

"ಮತ್ತ ಕರೆಂಟ್ ಹೋತೇನ್ರಿ ಸಾಹೇಬ್ರ?"

ಯಜಮಾನರು ಕೊಬ್ಬರಿ ಹಿಡಿದು ಹೌದೆಂದು ತಲೆಯಾಡಿಸಿದರು.

ಹಿರಿಯರು ಊರ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಇವತ್ತ ನಮ್ಮ ಓಣ್ಯಾಗ ಐತಲ್ರಿ... ನಿಮ್ದಷ್ಟ ಹೋಗೇತಂದ್ರ, ಬಿಲ್ ಕಟ್ಟಿಲ್ಲೇನು?"