ನಾಲ್ಕು ಕಾಲೇಜಿನ ಜವಾರಿಸ್

ಎಲ್ಲ ತಾಪತ್ರಯವೂ ಶುರುವಾದದ್ದು ಎರಡೇ ಎರಡು ಪದಗಳಿಂದ. ಫೆಬ್ರುವರಿಯ ಆ ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಟೊಲೆಡೊ ಹೆರನ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಲೈಲ್ ಕ್ಯಾಸ್ಪರ್ ಕೋಣೆಯ ಬಾಗಿಲಿಂದ ತಲೆಯನ್ನಷ್ಟೇ ಹೊರಗೆ ಹಾಕಿದ.

"ವೆಂಡೆಲ್. ಆ ಜವಾರಿಸ್ ಟನ್‌ಸ್ಟಲ್. ಕಾಲೇಜಲ್ಲಿ ಹೆಂಗಿದ್ದ?"

ವೆಂಡೆಲ್ ಪ್ರೌಟಿಯ ಕಸುಬೇ ಅದು: ಕಾಲೇಜು ಹುಡುಗರ ಆಟ ನೋಡಿ ವರದಿ ಬರೆಯುವುದು. ಹತ್ತೊಂಬತ್ತು ಚಳಿಗಾಲ ಊರೂರಿನ ಮರದ ಬೆಂಚುಗಳ ಮೇಲೆ ಕೂತೂ ಕೂತೂ ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಆಕಾರಕ್ಕೆ ಬಂದಿತ್ತು. ಮುಖ ಮೊದಲಿನಿಂದಲೂ ಅದೇ ಆಕಾರದಲ್ಲಿತ್ತು.

"ಟನ್‌ಸ್ಟಲ್," ಎಂದ ವೆಂಡೆಲ್, ಪರಿಚಯದವರ ಹೆಸರು ಮರೆತವನ ನಗು ನಗುತ್ತ. "ಕಾಲೇಜಲ್ಲಿ..."

"ಒಂದು ಪುಟ. ಮಧ್ಯಾಹ್ನ ಎರಡು ಹೊಡೆಯೋದ್ರೊಳಗೆ. ಟಕೋಮಾದವ್ರು ಕೊಡ್ತೀವಿ ಅಂತಿದಾರೆ. ಮೂರಕ್ಕೆ ಬಾಗಿಲು ಬಂದ್."

ಲೈಲ್ ಮಾತಾಡುವುದೇ ಹಾಗೆ, ಪದಕ್ಕಿಷ್ಟು ಎಂದು ತಂತಿ ಆಫೀಸಿನವರು ಬಿಲ್ ಹಾಕುತ್ತಾರೇನೋ ಎಂಬಂತೆ. ಬಾಗಿಲು ಎಂದರೆ ಅದಲುಬದಲಿನ ಬಾಗಿಲು. ಆ ದಿನ ಮಧ್ಯಾಹ್ನ ಮೂರು ಹೊಡೆದ ಮೇಲೆ ಈ ಸಾಲಿಗೆ ಯಾವ ತಂಡವೂ ಆಟಗಾರನನ್ನು ಕೊಡುವಂತಿಲ್ಲ, ತರುವಂತಿಲ್ಲ. ಟನ್‌ಸ್ಟಲ್ ಟಕೋಮಾ ತಂಡ ಸೇರಿ ಎರಡು ವರ್ಷವಾಗಿದ್ದರೂ ಅಲ್ಲಿ ಅವನ ಬೆವರು ನೋಡಿದವರಿಲ್ಲ, ಕೂತೇ ಇದ್ದ. ಹಾಗಾಗಿ ಅಳೆಯುವುದಕ್ಕೆ ಇದ್ದದ್ದು ಕಾಲೇಜಿನ ಆಟವೊಂದೇ.

"ವರದಿ ಚೆನ್ನಾಗಿದ್ರೆ ಫೆರಿಸ್ ಕುರ್ಚಿ ನಿಂದು," ಎಂದ ಲೈಲ್.

"ಇಲ್ದಿದ್ರೆ?"

"ಬೆಂಚು."

ತಲೆ ಒಳಗೆ ಹೋಯಿತು.

ಕ್ರಿಸ್‌ಮಸ್‌ಗೆ ನಿವೃತ್ತನಾದ ಫೆರಿಸ್‌ನ ಕುರ್ಚಿಗೆ ಒರಗಿದರೆ ಒರಗುವ ಬೆನ್ನಿತ್ತು, ಪಕ್ಕದಲ್ಲಿ ಹೀಟರಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದರಲ್ಲಿ ಕೂತವನು ಸಂಜೆ ಮನೆಗೆ ಹೋಗಬಹುದಿತ್ತು. ಅವತ್ತು ಬೆಳಗ್ಗೆ ತಾನೇ ಹೆಂಡತಿ ಡಾರ್ಲೀನ್ ದೋಸೆಯಂಥ ಪ್ಯಾನ್‌ಕೇಕ್ ಮಗುಚುತ್ತ ಹೇಳಿದ್ದಳು: "ನೋಡು, ಮುಂದಿನ ಚಳಿಗಾಲ ನೀನು ಈ ಮನೇಲಿರ್ತೀಯ, ಇಲ್ಲಾ ನಾನು ನಮ್ಮಕ್ಕನ ಮನೇಲಿರ್ತೀನಿ. ಕಾಫಿ ಇನ್ನೊಂಚೂರು ಹಾಕ್ಲಾ?" ಎರಡನ್ನೂ ಒಂದೇ ದನಿಯಲ್ಲಿ ಹೇಳಿದ್ದೇ ಅವನಿಗೆ ಭಯ ಹುಟ್ಟಿಸಿತ್ತು.

ವೆಂಡೆಲ್ ಹಳೇ ನೋಟ್‌ಪುಸ್ತಕಗಳನ್ನು ಹರವಿಕೊಂಡ. ಹುಡುಗನ ಹೆಸರು ಜವಾರಿಸ್. ಆದರೆ ಯಾವ ಊರಿಗೂ ಜವಾರಿಯಲ್ಲ. ಈಗಿನ ಹುಡುಗರು ಅಂಗಿ ಬದಲಾಯಿಸಿದಷ್ಟು ಸಲೀಸಾಗಿ ಕಾಲೇಜು ಬದಲಾಯಿಸುತ್ತಾರೆ. ಇವನು ನಾಲ್ಕು ವರ್ಷಕ್ಕೆ ನಾಲ್ಕು ಕಾಲೇಜು: ಅಯೋವಾ, ಟೆಕ್ಸಸ್, ಓರೆಗಾನ್, ಕೆಂಟಕಿ. ವೆಂಡೆಲ್ ನಾಲ್ಕೂ ಕಡೆ ಹೋಗಿದ್ದ. ಆದರೆ ಅವನ ಕಸುಬಿನವರು ಹೆಸರು ಬರೆಯುವುದು ಕಡಿಮೆ, ಅಂಗಿಯ ಮೇಲಿನ ಸಂಖ್ಯೆ ಬರೆಯುತ್ತಾರೆ. ಈ ಮಹಾನುಭಾವ ನಾಲ್ಕು ಕಡೆ ನಾಲ್ಕು ಸಂಖ್ಯೆ ತೊಟ್ಟಿದ್ದ.

ಅಯೋವಾ, ಮೂರನೇ ನಂಬರ್: "ಚೆಂಡು ಸಿಕ್ಕರೆ ಬುಟ್ಟಿಗೆಸೆಯುತ್ತಾನೆ. ಪಾಸ್ ಕೊಡುವುದೆಂದರೆ ಕಿಡ್ನಿ ದಾನ ಮಾಡಿದಂತೆ ಆಡುತ್ತಾನೆ. ಬೇಡ."

ಟೆಕ್ಸಸ್, ಮೂವತ್ತು: "ಬರೀ ಪಾಸ್. ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡನು. ಸಾಧು."

ಓರೆಗಾನ್, ಹನ್ನೊಂದು: "ಇಡೀ ಆಟ ಕೂತಿದ್ದ. ಚಪ್ಪಾಳೆ ಚೆನ್ನಾಗಿ ತಟ್ಟುತ್ತಾನೆ."

ಕೆಂಟಕಿ, ನಲವತ್ನಾಲ್ಕು: "ಗೋಡೆ. ಗಡ್ಡವಿದೆ. ಬುಟ್ಟಿಯ ಕೆಳಗೆ ಯಾರನ್ನೂ ಬಿಡುವುದಿಲ್ಲ. ಅಯೋವಾದ ಆ ಮೂರನೇ ನಂಬರಿನ ಶುದ್ಧ ದಂಡಪಿಂಡ ಇವನನ್ನು ನೋಡಿ ಕಲಿಯಬೇಕು."

ವೆಂಡೆಲ್ ಕೊನೆಯ ಸಾಲನ್ನು ಮೂರು ಸಲ ಓದಿದ. ದಂಡಪಿಂಡವನ್ನು ನೋಡಿ ದಂಡಪಿಂಡವೇ ಕಲಿಯಬೇಕಾಗಿತ್ತು.

ಅಂಕಿಅಂಶದ ಟಬಿಥಾಳ ಮೇಜಿಗೆ ಹೋದ. ಅವಳು ಮನುಷ್ಯರನ್ನು ದಶಮಾಂಶದಲ್ಲೇ ನೋಡುವವಳು. ಪರದೆಯಿಂದ ಕಣ್ಣು ತೆಗೆಯದೆ, "ನಾಲ್ಕೂ ವರ್ಷ ಕೂಡಿಸಿ ಭಾಗಿಸಿದೀನಿ. ಎಸೆತ ಸಾಧಾರಣ, ಪಾಸ್ ಸಾಧಾರಣ, ತಡೆಯೋದು ಸಾಧಾರಣ," ಎಂದಳು.

"ಆದ್ರೆ ಅವ್ನು ಯಾವತ್ತೂ ಸಾಧಾರಣವಾಗಿ ಆಡೇ ಇಲ್ವಲ್ಲ, ಟಬಿಥಾ. ನಾಲ್ಕು ಕಡೆ ನಾಲ್ಕು ಅವತಾರ."

"ಸರಾಸರಿ ಸುಳ್ಳು ಹೇಳಲ್ಲ, ವೆಂಡೆಲ್."

"ಒಂದು ಕಾಲು ಕೆಂಡದಲ್ಲಿ, ಇನ್ನೊಂದು ಐಸಲ್ಲಿ ಇಟ್ರೆ ಸರಾಸರಿ ಪ್ರಕಾರ ಹಾಯಾಗಿರ್ಬೇಕು."

"ಹೌದು. ಇರ್ಬೇಕು," ಎಂದಳು ಅವಳು ಗಂಭೀರವಾಗಿ.

ಕೋಚ್ ಹ್ಯಾನ್‌ರಾಟಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಮೂವತ್ತು ವರ್ಷ ಅಂಗಳದ ಅಂಚಿನಲ್ಲಿ ನಿಂತು ಕೂಗಿದ ಆತನ ಗಂಟಲು ಈಗ ಜಲ್ಲಿ ಮಿಷನ್ನಿನಂತೆ ಸದ್ದು ಮಾಡುತ್ತಿತ್ತು. "ಟೆಕ್ಸಸ್ ಹುಡುಗ ಬೇಕು ಕಣೋ ನಂಗೆ. ಪಾಸ್ ಕೊಡೋನು. ಉಳಿದ ಮೂವರು ಬೇಡ."

"ಕೋಚ್, ನಾಲ್ವರೂ ಒಟ್ಟಿಗೇ ಬರ್ತಾರೆ. ಒಂದೇ ದೇಹ."

"ಅದು ನಿನ್ ತಲೆನೋವು. ಟೆಕ್ಸಸ್‌ನೋನು ಅಂತ ಬರಿ."

ಹನ್ನೊಂದೂವರೆಗೆ ವೆಂಡೆಲ್ ನಾಲ್ಕೂ ಕಾಲೇಜುಗಳ ಕೋಚುಗಳಿಗೆ ಫೋನ್ ಹಚ್ಚಿದ. ಅಯೋವಾದವನು ಮೂಗಿನಲ್ಲೇ, "ನಾವು ಚಿನ್ನದಂಗೆ ಬೆಳೆಸಿದ್ವು, ಟೆಕ್ಸಸ್‌ನೋರು ಕೆಡಿಸಿದ್ರು," ಎಂದ. ಟೆಕ್ಸಸ್‌ನವನು ಎಳೆದೆಳೆದು, "ಕೆಟ್ಟೇ ಬಂದಿದ್ದ ಮಾರಾಯಾ, ನಾವು ರಿಪೇರಿ ಮಾಡಿದ್ದು," ಎಂದ. ಓರೆಗಾನಿನವನು ಬಹಳ ಹೊತ್ತು ಯೋಚಿಸಿ, "ಓ, ಆ ಚಪ್ಪಾಳೆಯೋನಾ," ಎಂದ. ಕೆಂಟಕಿಯವನು, "ಅದೆಲ್ಲ ಹಳೇ ಕತೆ, ನಮ್ಮಲ್ಲೊಬ್ಬ ಹೊಸ ಹುಡುಗ ಇದಾನೆ, ಕೇಳು," ಎಂದು ಇಪ್ಪತ್ತು ನಿಮಿಷ ಬಿಡಲಿಲ್ಲ.

ವೆಂಡೆಲ್‌ನ ತಲೆ ಎಲ್ಲರೂ ಕಲಕಿ ಯಾರೂ ಕುಡಿಯದ ಸೂಪಿನಂತಾಯಿತು. ಬರೆದ ಮೊದಲ ಸಾಲು, "ಈತ ಎಸೆಯುವವನು" ಎಂದಿತ್ತು. ಎರಡನೆಯದು, "ಆದರೆ ಎಸೆಯುವವನಲ್ಲ." ಮೂರನೆಯದನ್ನು ಬರೆಯಲು ಧೈರ್ಯವಾಗಲಿಲ್ಲ.

ಒಂದೂವರೆಗೆ ರಸ್ಸೆಲ್ ಬಂದ. ಹೆರನ್ಸ್ ಎಂದರೆ ಕೊಕ್ಕರೆಗಳು; ತಂಡದ ಹೆಸರಿಗೆ ತಕ್ಕಂತೆ ಆಟದ ನಡುವೆ ಕೊಕ್ಕರೆಯ ವೇಷ ತೊಟ್ಟು ಜನರನ್ನು ನಗಿಸುವವನು ಅವನು. ರಾತ್ರಿಯ ಆಟಕ್ಕೆ ಈಗಲೇ ಕತ್ತಿನವರೆಗೂ ಕೊಕ್ಕರೆಯಾಗಿದ್ದ, ತಲೆ ಕಂಕುಳಲ್ಲಿತ್ತು.

"ನನ್ನ ಕೇಳಿದ್ರೆ," ಎಂದು ಶುರುಮಾಡಿದ.

"ಕೇಳಿಲ್ಲ ರಸ್ಸೆಲ್."

"ಕೇಳ್ದೆ ಇದ್ರೂ ಹೇಳ್ತೀನಿ. ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟೋನೇ ನಿಜವಾದ ಆಟಗಾರ. ಹೊಟ್ಟೆಕಿಚ್ಚಿಲ್ಲ ನೋಡು. ಹಿಂಗೆ ತಟ್ತಿರ್ತಾನೆ." ತೋರಿಸಲೆಂದು ರೆಕ್ಕೆ ಬೀಸಿದ. ಆರಡಿ ರೆಕ್ಕೆ ಮೇಜನ್ನು ಗುಡಿಸಿಬಿಟ್ಟಿತು. ನೋಟ್‌ಪುಸ್ತಕಗಳ ಹಳೇ ಹಾಳೆಗಳು ಕಿತ್ತುಕೊಂಡು ನೆಲಕ್ಕೆ ಹಾರಿ ಮಗುಚಿಬಿದ್ದವು, ಮೇಲೆ ಕಾಫಿ ಅಭಿಷೇಕವಾಯಿತು. "ಅಯ್ಯೋ, ನಾನು ಆಮೇಲೆ ಬರ್ತೀನಿ," ಎಂದು ಕೊಕ್ಕರೆ ಬಾಗಿಲಲ್ಲಿ ಅಡ್ಡಡ್ಡವಾಗಿ ತೂರಿ ಪರಾರಿಯಾಯಿತು.

ವೆಂಡೆಲ್ ಮಂಡಿಯೂರಿ ಹಾಳೆಗಳನ್ನು ಒರೆಸತೊಡಗಿದ. ಹಿಂಬದಿಗಳೆಲ್ಲ ಮೇಲಾಗಿದ್ದವು. ಅಲ್ಲಿ ಆಯಾ ತಂಡದ ಉಳಿದವರ ಬಗ್ಗೆ ಗೀಚಿಕೊಂಡದ್ದಿತ್ತು. ಅಯೋವಾ: ಉಳಿದ ನಾಲ್ವರಿಗೆ ಕೆರೆಗೆ ಕಲ್ಲೆಸೆಯಲೂ ಬಾರದು. ಟೆಕ್ಸಸ್: ಎಲ್ಲರೂ ಎಸೆಯುವವರೇ, ಚೆಂಡು ಕೊಡುವವನೊಬ್ಬನಿಲ್ಲ. ಓರೆಗಾನ್: ಐವರೂ ಹುಲಿಗಳು, ಆದರೆ ಒಬ್ಬರಿಗೊಬ್ಬರು ಮಾತಿಲ್ಲ, ಹುರಿದುಂಬಿಸುವವರಿಲ್ಲ. ಕೆಂಟಕಿ: ಎತ್ತರದವರಿಬ್ಬರಿಗೂ ಕಾಲು ಮುರಿದಿದೆ.

ವೆಂಡೆಲ್ ನೆಲದ ಮೇಲೇ ಕೂತುಬಿಟ್ಟ. ಬೆಳಗ್ಗೆಯಿಂದ ಮೊದಲ ಸಲ ಅವನ ಮುಖ ಪ್ರಶ್ನೆಯ ಆಕಾರ ಬಿಟ್ಟು ಪೂರ್ಣವಿರಾಮದಂತಾಯಿತು. ಅಲ್ಲೇ ಕೂತು ಬರೆದ: "ಇವನು ಹೇಗಿದ್ದ ಎಂದು ಕೇಳಬೇಡಿ. ತಂಡದಲ್ಲಿ ಏನಿರಲಿಲ್ಲ ಎಂದು ಕೇಳಿ. ಎಲ್ಲಿ ತೂತಿದೆಯೋ ಅಲ್ಲಿ ಇವನು ಬಿರಡೆಯಾಗುತ್ತಾನೆ. ಟಕೋಮಾ ಇವನನ್ನು ಕೂರಿಸಿದೆಯೆಂದರೆ ತನ್ನ ತೂತು ಎಲ್ಲಿದೆಯೆಂದು ಅದಕ್ಕೇ ಗೊತ್ತಿಲ್ಲ. ತನ್ನಿ."

ಲೈಲ್ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಯಾರೂ ಕಂಡಿರದ ಒಂದು ಕೆಲಸ ಮಾಡಿದ, ಉದ್ದನೆಯ ವಾಕ್ಯ ಮಾತಾಡಿದ. "ವೆಂಡೆಲ್, ಹತ್ತೊಂಬತ್ತು ವರ್ಷದಲ್ಲಿ ಈ ಕಟ್ಟಡದಲ್ಲಿ ಯಾರೂ ಇಂಥ ಪುಟ ಬರೆದಿಲ್ಲ ಕಣಯ್ಯಾ."

ಎರಡೂ ಇಪ್ಪತ್ತಕ್ಕೆ ಟನ್‌ಸ್ಟಲ್ ಟೊಲೆಡೊದವನಾದ. ಬದಲಿಗೆ ಮಂಡಿನೋವಿನ ಒಬ್ಬ ಹಿರಿಯ ಆಟಗಾರ ಟಕೋಮಾಗೆ ಹೊರಟ. ಕೋಚ್ ಹ್ಯಾನ್‌ರಾಟಿ ಬಂದು ವೆಂಡೆಲ್‌ನ ಬೆನ್ನಿಗೆ ಗುದ್ದಿದ. ಟಬಿಥಾ ಕೂಡ, "ಸರಾಸರಿಗಿಂತ ಚೆನ್ನಾಗಿದೆ," ಎಂದಳು. ವೆಂಡೆಲ್ ಫೆರಿಸ್‌ನ ಕುರ್ಚಿಯಲ್ಲಿ ಕೂತು, ಮೆಲ್ಲಗೆ ಹಿಂದಕ್ಕೆ ಒರಗಿ, ಡಾರ್ಲೀನ್‌ಗೆ ಫೋನ್ ಮಾಡಿದ. "ಅಕ್ಕನ ಮನೆಗೆ ಹೋಗೋದೇನೂ ಬೇಡ. ಮುಂದಿನ ಚಳಿಗಾಲ ನಾನೇ ನಿಂಗೆ ಕಾಫಿ ಹಾಕ್ತೀನಿ." ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಅವನು ಮದುವೆಯ ದಿನವೂ ಕೇಳಿರಲಿಲ್ಲ.

ಮೂರಕ್ಕೆ ನಾಲ್ಕು ನಿಮಿಷವಿರುವಾಗ ಒಳಗಿನಿಂದ ಲೈಲ್‌ನ ದನಿ ಕೇಳಿಸಿತು. ಯಾರಿಗೋ ಫೋನಿನಲ್ಲಿ ಓದಿ ಹೇಳುತ್ತಿದ್ದ: "'ಎಲ್ಲಿ ತೂತಿದೆಯೋ ಅಲ್ಲಿ ಇವನು ಬಿರಡೆಯಾಗುತ್ತಾನೆ.' ಹೌದು. ನಮ್ಮೋನೇ ಬರೆದಿದ್ದು."

ಮೂರಕ್ಕೆ ಒಂದು ನಿಮಿಷವಿರುವಾಗ ತಲೆ ಹೊರಗೆ ಬಂತು.

"ಮಾರಿದೆ."

"ಯಾರನ್ನ?"

"ಟನ್‌ಸ್ಟಲ್‌ನ. ಸವಾನಾ ತಂಡಕ್ಕೆ. ನಿನ್ನ ಪುಟ ಓದಿದೆ ಅಷ್ಟೆ. ಅಲ್ಲಿಯ ಮ್ಯಾನೇಜರ್ ಅಳೋದೊಂದು ಬಾಕಿ. 'ನಮ್ಮ ತಂಡದಲ್ಲಿ ತೂತು ಬಿಟ್ಟು ಇನ್ನೇನೂ ಇಲ್ಲ' ಅಂದ."

ಟನ್‌ಸ್ಟಲ್ ಟೊಲೆಡೊದವನಾಗಿ ಮೂವತ್ತೊಂಬತ್ತು ನಿಮಿಷವಾಗಿತ್ತು. ಈ ಊರಿನ ನೀರನ್ನೂ ಕುಡಿದಿರಲಿಲ್ಲ. ವೆಂಡೆಲ್ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಕೇಳಿದ. "ಬದಲಿಗೆ ಯಾರು ಬಂದ್ರು?"

"ಯಾರೂ ಇಲ್ಲ. ಹಕ್ಕು. ಸವಾನಾದವ್ರು ಪ್ರತಿ ಬೇಸಿಗೇಲಿ ಆರಿಸ್ಕೋಬೇಕಾದ ಕಾಲೇಜು ಹುಡುಗನ್ನ ಇನ್ಮೇಲೆ ನಾವು ಆರಿಸ್ಕೋತೀವಿ. ಒಂದು ಬೇಸಿಗೆಯಲ್ಲ, ಆರು. ವರ್ಷಕ್ಕೊಬ್ಬ." ಲೈಲ್‌ನ ಕಣ್ಣು ತುಂಬಿ ಬಂದಂತಿತ್ತು. "ಆರೂ ಜನರ ಕಾಲೇಜು ಆಟ ನೋಡಿ ತೂಗಬೇಕಲ್ಲ. ಇಂಥ ಪುಟ ಬರೆಯೋನ್ನ ಕುರ್ಚೀಲಿ ಕೂರಿಸಿದ್ರೆ ನನ್ನಂಥ ಮೂರ್ಖ ಇನ್ನೊಬ್ಬ ಇಲ್ಲ. ಏಳು. ಐದಕ್ಕೆ ಫಾರ್ಗೊ ವಿಮಾನ."

ವೆಂಡೆಲ್ ಎದ್ದ. ಬೆನ್ನು ತಾನಾಗಿಯೇ ಹಳೇ ಆಕಾರಕ್ಕೆ ಮರಳಿತು. ಕಾರಿಡಾರಿನಲ್ಲಿ ನಿಂತು ಮತ್ತೆ ಮನೆಗೆ ಫೋನ್ ಹಚ್ಚಿದ.

"ಡಾರ್ಲೀನ್, ಒಂಚೂರು ಹೊರಗೆ ಹೋಗ್ಬೇಕಾಗಿ ಬಂದಿದೆ."

"ಇರ್ಲಿ ಬಿಡು, ಕೊನೇ ಸಲ ತಾನೇ," ಎಂದಳು ಅವಳು, ಇನ್ನೂ ಆ ಮೊದಲಿನ ಸಂತೋಷದಲ್ಲೇ. "ಎಷ್ಟು ದಿನ?"

"ಆರು."

"ಆರೇ ದಿನಾನಾ? ಹೋಗಿ ಬಾ."

ವೆಂಡೆಲ್ ಗೋಡೆಗೆ ಹಣೆ ಒತ್ತಿ ನಿಂತ. "ದಿನ ಅಲ್ಲ ಕಣೇ," ಎಂದ. "ಚಳಿಗಾಲ."