ಐವತ್ತೆಂಟೂವರೆಯ ಡಬ್ಬಿ

ಒಂದು ವಸ್ತುವಿನ ನಂಬರು ಗೊತ್ತಿದ್ದರೆ ಆ ವಸ್ತುವೇ ಗೊತ್ತಿದೆ ಎಂದು ನಂಬುವ ಒಂದು ಜಾತಿಯ ಜನರಿದ್ದಾರೆ. ಅವರನ್ನು ವಿಜ್ಞಾನ ಮಾಸ್ತರರು ಎನ್ನುತ್ತಾರೆ. ನಾನೂ ಅವರಲ್ಲಿ ಒಬ್ಬ. ದಿನಾ ದಾಂಡೇಲಿಯಿಂದ ಬಸ್ಸಿನಲ್ಲಿ ಜೋತಾಡುತ್ತ ಹೋಗಿ ಹಳಿಯಾಳದ ಹುಡುಗರಿಗೆ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದೆ. ಸೋಡಿಯಂ ಹನ್ನೊಂದು, ಕ್ಲೋರಿನ್ ಹದಿನೇಳು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅವೆರಡೂ ಕೂಡಿ ಆದ ಉಪ್ಪು ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿದೆ ಎಂಬುದು ಮಾತ್ರ ನನಗೆ ಗೊತ್ತಾದದ್ದು ಕಳೆದ ತಿಂಗಳು, ನಿವೃತ್ತನಾದ ಮೇಲೆ.

ತಪ್ಪು ನನ್ನೊಬ್ಬನದಲ್ಲ, ಅಪ್ಪನದೂ ಇದೆ. ಏಳನೆಯ ಇಯತ್ತೆ ಓದಿ ಧಾರವಾಡ ಕಡೆಯಿಂದ ಬಂದ ಅಪ್ಪ, ಕಾಗದದ ಕಾರ್ಖಾನೆಯಲ್ಲಿ ಕ್ಲೋರಿನ್ ಹಾಕಿ ತಿರುಳನ್ನು ಬಿಳಿ ಮಾಡುವ ವಿಭಾಗ ಸೇರಿದ್ದ. ಪೀಪಾಯಿಗಳ ಮೇಲಿನ ಬರಹ ನೋಡಿ ನೋಡಿ ಅಣುಸೂತ್ರ ಕಲಿತ. ಕಲಿತದ್ದನ್ನು ಮನೆಗೆ ತಂದ. ಒಂದು ರವಿವಾರ ಕೆಂಪು ಬಣ್ಣ, ಸಣ್ಣ ಕುಂಚ ಹಿಡಿದು ಕೂತು, ಅವ್ವನ ಡಬ್ಬಿಗಳ ಮೇಲೆ ಬರೆದೇಬಿಟ್ಟ. ಉಪ್ಪಿನ ಡಬ್ಬಿಗೆ NaCl, ಕೆಳಗೆ ಅಣುತೂಕ 58.5. ಸಕ್ಕರೆಗೆ C₁₂H₂₂O₁₁, ಕೆಳಗೆ 342. ಅವ್ವನಿಗೆ ಕನ್ನಡವೇ ಕೂಡಿಸಿ ಓದಬೇಕು. ಆದರೂ ಓಣಿಯ ಹೆಂಗಸರನ್ನೆಲ್ಲ ಕರೆದು, "ನಮ್ಮವರು ಬರದದ್ದು ನೋಡ್ರಿ" ಎಂದು ತೋರಿಸಿದ್ದಳಂತೆ.

ಆ ಡಬ್ಬಿಗಳ ಮುಂದೆಯೇ ನನ್ನ ವಿದ್ಯಾಭ್ಯಾಸ ನಡೆಯಿತು. ಪಾಳಿ ಮುಗಿಸಿ ಬಂದ ಅಪ್ಪ ಅಂಗಿ ಬಿಚ್ಚುತ್ತಲೇ, "ಹದಿನೇಳು ಯಾರಲೇ?" ಎನ್ನುತ್ತಿದ್ದ. "ಕ್ಲೋರಿನ್." "ಹಾಂ, ಅಂವನ ನೋಡು ನಮಗ ಅನ್ನ ಹಾಕಾಂವ!" ಅಪ್ಪನ ಬಾಯಲ್ಲಿ ಧಾತುಗಳೆಲ್ಲ ಜೊತೆಗೆ ಪಾಳಿ ಮಾಡುವ ಮಂದಿ. ನಾನು ಮಾಸ್ತರನಾದದ್ದು ಪುಸ್ತಕ ಓದಿ ಅಲ್ಲ, ಆ ಡಬ್ಬಿ ಓದಿ. ಅಪ್ಪ ಹೋಗಿ ಹನ್ನೆರಡು ವರ್ಷವಾದರೂ ಅವುಗಳನ್ನು ಬದಲಿಸಲು ನಾನು ಬಿಟ್ಟಿಲ್ಲ. ಅವು ಅಪ್ಪನ ಕೈಬರಹ. ಬಂದ ನೆಂಟರಿಗೆಲ್ಲ ತೋರಿಸುತ್ತೇನೆ. ಮುಚ್ಚಳ ಮಾತ್ರ ಒಮ್ಮೆಯೂ ತೆಗೆದಿರಲಿಲ್ಲ.

ಹೀಗಿರಲು ತೇರಗಾಂವದಿಂದ ಬಸಪ್ಪ ಕಾಕಾ ಬಂದರು. ಅಪ್ಪನ ಜೊತೆ ಪಾಳಿ ಮಾಡಿದವರು. ಈಗ ಎಂಬತ್ತರ ಹತ್ತಿರ. ನನಗೆ ಹುಕಿ ಬಂತು. "ಇವತ್ತು ಚಹಾ ನಂದು. ಅಪ್ಪನ ಡಬ್ಬಿಯಿಂದ, ನನ್ನ ಕೈಯಾರೆ" ಎಂದು ಘೋಷಿಸಿದೆ. ಹೆಂಡತಿ ಸುಮಿತ್ರಾ ಗಡಬಡಿಸಿ ಎದ್ದು, "ನಾ ಮಾಡ್ತೇನಿ, ನೀವು ಕೂಡ್ರಿ" ಎಂದಳು. ಅವ್ವನೂ "ಬ್ಯಾಡೋ ತಮ್ಮಾ" ಎಂದಳು. ನಾನು ಕೇಳಬೇಕಲ್ಲ! ಮಳೆಗೆ ಕರೆಂಟು ಹೋಗಿತ್ತು, ಕನ್ನಡಕ ಪಡಸಾಲೆಯಲ್ಲಿತ್ತು. ಅಪ್ಪನ ದಪ್ಪ ಕೆಂಪು ಅಕ್ಷರ ಓದಲು ಕನ್ನಡಕವೇಕೆ? 342ರ ಬಿಗಿ ಮುಚ್ಚಳವನ್ನು ಹೆಣಗಾಡಿ ತೆಗೆದು, ಧಾರಾಳವಾಗಿ ನಾಲ್ಕು ಚಮಚ ಹಾಕಿದೆ.

ಮೊದಲ ಗುಟುಕಿಗೇ ನಾನು ಅಂಗಳಕ್ಕೆ ಓಡಿ ಉಗುಳಿದೆ. ಹಿಂದಿರುಗಿ ನೋಡಿದರೆ ಬಸಪ್ಪ ಕಾಕಾ ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಶಾಂತವಾಗಿ ಕುಡಿಯುತ್ತಿದ್ದಾರೆ. "ಥೇಟ್ ನಿಮ್ಮಪ್ಪ ಮಾಡಿದಂಗ ಆಗೇತಿ" ಎಂದರು.

ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗಿನ ಚುಂಗು ಹಿಂಡುತ್ತ ನೆಲ ನೋಡಿದಳು. "ಮಳಿಗಾಲದಾಗ ಉಪ್ಪು ನೀರಾಕ್ಕಿತ್ತಪಾ. ಸಕ್ಕರಿ ಡಬ್ಬಿ ಮುಚ್ಚಳ ಬಿಗಿ ಇತ್ತು, ಅದಕ್ಕ ಅದಲು ಬದಲು ಮಾಡಿದೆ. ಅವರು ಅಷ್ಟು ಅಕ್ಕರೀಲೆ ಬರದಾರ, ಅಳಸ್ರಿ ಅನ್ನಾಕ ಮನಸ್ಸು ಬರಲಿಲ್ಲ. ಕಡೀತನಕ ಅವರಿಗೆ ಹೇಳಲಿಲ್ಲ ನೋಡು." ಉಪ್ಪು ಗಾಳಿಯ ತೇವ ಹೀರುತ್ತದೆ ಎಂದು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅವ್ವ ಬರೆಯಲಿಲ್ಲ, ಡಬ್ಬಿ ಬದಲಿಸಿದಳು. ಸುಮಿತ್ರಾಳಿಗೆ ಮದುವೆಯಾಗಿ ಬಂದ ಮರುದಿನವೇ ಗೊತ್ತಂತೆ. ಗೊತ್ತಿಲ್ಲದವನು ನಾನೊಬ್ಬನೇ.

"ಅವರಿಗೆ ಗೊತ್ತಿತ್ತು ಬಿಡ್ರಿ ವೈನಿ" ಎಂದರು ಬಸಪ್ಪ ಕಾಕಾ.

ಅವ್ವ ತಲೆ ಎತ್ತಿದಳು.

"ನೀವು ಇವನ ತಂಗೀನ್ನ ಹಡಿಯಾಕ ತವರಿಗೆ ಹೋಗಿದ್ರಿ. ಪಾಳಿ ಬಿಟ್ಟ ಮ್ಯಾಲ ಅಣ್ಣ ನನ್ನ ಕರಕೊಂಡು ಬಂದು ಚಹಾ ಮಾಡಿದ. ಇದ ಚಹಾ! ಒಂದು ಗುಟುಕು ಕುಡದು ಡಬ್ಬಿ ನೋಡಿದ. ಆಮ್ಯಾಲ ನಕ್ಕ. 'ಅಕಿ ಮಾಡಿದ್ದ ಖರೇ ಐತಿ, ಬಸ್ಯಾ. ನನಗ ಗೊತ್ತಾತು ಅಂತ ತಿಳದ್ರ ಅಂಜತಾಳ, ಎಲ್ಲೂ ಬಾಯಿ ಬಿಡಬ್ಯಾಡ' ಅಂದ. ಅವತ್ತಿನಿಂದ ನಾ ಬಾಯಿ ಬಿಟ್ಟಿಲ್ಲ."

ಅವ್ವ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ತಿರುಗಿದಳು. "ಅವರು ಅಡಗಿಮನಿಗೆ ಕಾಲಿಟ್ರ ನನ್ನ ಎದಿ ಡವಡವ ಅಂತಿತ್ತು. ಇಷ್ಟು ವರ್ಷ ಸುಮ್ಮನ ಅಂಜಿದ್ನಲ್ಲೋ! ಕಳ್ಳ ಮನಶ್ಯಾ, ಒಂದು ಮಾತು ಹೇಳಬಾರದಿತ್ತ?" ಎಂದು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ನನಗೂ ಅಪ್ಪ ಬೇಕೆನಿಸಿತು. ಉಪ್ಪು ಚಹಾದ ನೆಪ ಹೇಳಿ ನೀರು ಕುಡಿಯಲು ಒಳಗೆ ಹೋದೆ.

ಮರುದಿನ ಮಧ್ಯಾಹ್ನ ಮಲಗಿ ಎದ್ದವನು, ಕಲಿತ ಪಾಠ ಒಪ್ಪಿಸುವ ಹುರುಪಿನಲ್ಲಿ ನನ್ನ ಚಹಾ ನಾನೇ ಮಾಡಿಕೊಂಡೆ. ಈ ಸಲ ಮೋಸ ಹೋಗುವ ಮಾತೇ ಇಲ್ಲ: ಸಕ್ಕರೆ ಬೇಕೆಂದರೆ ಉಪ್ಪಿನ ಡಬ್ಬಿ. ಐವತ್ತೆಂಟೂವರೆಯನ್ನು ತೆಗೆದು ಎರಡು ಚಮಚ ಹಾಕಿ, ಕುರ್ಚಿಯಲ್ಲಿ ಕೂತು ಗುಟುಕರಿಸಿದೆ.

ಉಪ್ಪು. ಅಚ್ಚ ಉಪ್ಪು. ಗಂಡನ ಮರ್ಯಾದೆ ಇನ್ನೊಬ್ಬರ ಮುಂದೆ ಮತ್ತೆ ಹೋಗದಿರಲಿ ಎಂದು ಸುಮಿತ್ರಾ, ನಾನು ಮಲಗಿದ್ದಾಗ ಸದ್ದಿಲ್ಲದೆ ಎರಡೂ ಡಬ್ಬಿ ಸುರಿದು, ಅಪ್ಪನ ಬರಹದಂತೆ ತುಂಬಿಟ್ಟಿದ್ದಳು.

ಬಾಗಿಲಲ್ಲಿ ನಿಂತು ಕೇಳಿದಳು: "ಸಕ್ಕರಿ ಸಾಕಾತೇನ್ರಿ?"

"ಬರೋಬ್ಬರಿ ಆಗೇತಿ" ಎಂದೆ. ಲೋಟದ ತಳ ಕಾಣುವವರೆಗೆ ಕುಡಿದೆ.